ಸ್ಟ್ರೋಕರ್ ಎಂಜಿನ್: ಬೋರಿಂಗ್‌ಗೆ ಮೊದಲೇ ಪಿಸ್ಟನ್ ತನ್ನಿ
ಗೆಳೆಯರೇ, ಆಗುಂಬೆ ಘಾಟಿ ಹತ್ತಲು ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಬೇಕು ಅಂತ ಸ್ಟ್ರೋಕರ್ ಎಂಜಿನ್, ಅಂದರೆ ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) ಹೆಚ್ಚಿಸಿದ ಎಂಜಿನ್ ಕಟ್ಟುವವರು ಉದ್ದ ಸ್ಟ್ರೋಕ್‌ನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಒಂದನ್ನೇ ತಂದರೆ ಸಾಲದು. ಸ್ಟ್ರೋಕ್ 6 ಮಿ.ಮೀ. ಹೆಚ್ಚಿದರೆ ಪಿಸ್ಟನ್ ಮೊದಲಿಗಿಂತ 3 ಮಿ.ಮೀ. ಹೆಚ್ಚು ಮೇಲೇರುತ್ತದೆ. ಪಿನ್ ತೂತು ಅಷ್ಟು ಮೇಲಿರುವ ಪಿಸ್ಟನ್, ಇಲ್ಲವೇ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಷ್ಟು ಗಿಡ್ಡದ್ದು ಬೇಕೇ ಬೇಕು. ಪಿಸ್ಟನ್ ಅಳೆದ ಮೇಲೆಯೇ ಬ್ಲಾಕ್ ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ತೂತನ್ನು ಪಿಸ್ಟನ್ ಅಳತೆಗೆ ಕೊರೆಸಿ.

ಆಮೇಲೆ ಪರೀಕ್ಷೆಗೆ ಒಮ್ಮೆ ಸುಮ್ನೆ ಜೋಡಿಸಿ, ಕ್ರ್ಯಾಂಕನ್ನು ಕೈಯಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ರಾಡ್ ಬೋಲ್ಟ್ ಸಿಲಿಂಡರ್‌ನ ಕೆಳಗಿನ ಅಂಚಿಗೂ ಕ್ಯಾಮ್‌ಶಾಫ್ಟ್‌ಗೂ (ವಾಲ್ವ್ ತೆರೆಯುವ ದಂಡ) ತಾಗಲೇಬಾರದು. ಬ್ಲಾಕಿನ ಕಡೆ 1.5 ಮಿ.ಮೀ. ಜಾಗ ಇರಲಿ, ಕಡಿಮೆ ಇದ್ದರೆ ಅಲ್ಲಿ ಗ್ರೈಂಡ್ ಮಾಡಿಸಿ. ಇದನ್ನು ದಯವಿಟ್ಟು ಬಿಡಬೇಡಿ, ತಾಗಿದರೆ ಬ್ಲಾಕೇ ಹೋಗುತ್ತದೆ. ಕ್ರ್ಯಾಂಕಿನ ಬ್ಯಾಲೆನ್ಸಿಂಗ್ (ತೂಕ ಸರಿದೂಗಿಸುವುದು) ಕೊನೆಗೆ.

ನಮ್ಮ ಮಳೆಗಾಲದಲ್ಲಿ ಹೊಸ ಬೋರ್ ಬೇಗ ತುಕ್ಕು ಹಿಡಿಯುತ್ತದೆ. ಶಿವಮೊಗ್ಗದ ಲೇತ್ ಅಂಗಡಿಯಲ್ಲೇ ಎಂಜಿನ್ ಆಯಿಲ್ ಸವರಿಸಿಕೊಂಡು ಹೊರಡಿ.