ಹೊಸ ಕೋಚ್ ಬಂದ ವರ್ಷವನ್ನು ನೋಡುವ ಬಗೆ

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಗೆರೆ ಹಾಕಿದ್ದು. 2021ರ ಸೆಪ್ಟೆಂಬರ್‌ನಲ್ಲಿ ಮಿಷಿಗನ್‌ನ ನೋವಿಯಲ್ಲಿ, ಮಗನ ಮನೆಯ ಊಟದ ಮೇಜಿನ ಮೇಲೆ ನಾನು ಅಂಥದ್ದೊಂದನ್ನು ಬಿಚ್ಚಿಕೊಂಡು ಕುಳಿತೆ. ದಾವಣಗೆರೆಯಲ್ಲಿ 31 ವರ್ಷ ಗಣಿತ ಕಲಿಸಿದವಳು ನಾನು. ಬರೆದಿಡದೆ ಯಾವುದನ್ನೂ ಅಳೆದು ಅಭ್ಯಾಸವಿಲ್ಲ. ಡೆಟ್ರಾಯಿಟ್ ಲಯನ್ಸ್ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆ ವರ್ಷ ಡ್ಯಾನ್ ಕ್ಯಾಂಬೆಲ್ ಮುಖ್ಯ ಕೋಚ್ ಆಗಿ ಬಂದಿದ್ದರು. 17 ಪಂದ್ಯಗಳಲ್ಲಿ ಗೆದ್ದದ್ದು 3, ಸೋತದ್ದು 13, ಸಮನಾದದ್ದು 1. ಆ ಲೆಕ್ಕವನ್ನಷ್ಟೇ ನೋಡಿದವರಿಗೆ ಅದು ವ್ಯರ್ಥವಾದ ವರ್ಷ. ನನ್ನ ನೋಟ್‌ಬುಕ್ ಹೇಳಿದ್ದು ಬೇರೆ.

ಮೊದಲ ಪುಟವನ್ನು ಪಂದ್ಯಗಳು ಶುರುವಾಗುವ ಮುನ್ನವೇ ತುಂಬಿಸಿ. ಕೋಚ್ ಕೈಗೆ ಬಂದದ್ದು ಏನು ಎಂಬುದು ಅಲ್ಲಿರಲಿ. ಲಯನ್ಸ್ ಹಿಂದಿನ ವರ್ಷ 5 ಗೆದ್ದು 11 ಸೋತಿತ್ತು. 12 ವರ್ಷ ತಂಡದ ಚೆಂಡೆಸೆದು ಆಕ್ರಮಣ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್ ಆಗಿದ್ದ ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಅದೇ ಸ್ಥಾನದ ಜ್ಯಾರೆಡ್ ಗಾಫ್ ಅವರನ್ನೂ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸುವ ಮೂರು ಹಕ್ಕುಗಳನ್ನೂ ಪಡೆದಿದ್ದರು. ಆ ಮೂರರಲ್ಲಿ ಎರಡು ಮೊದಲ ಸುತ್ತಿನವು, ಅದೂ 2022 ಮತ್ತು 2023ಕ್ಕೆ. ಅಂದರೆ ಫಲ ಈ ವರ್ಷ ಸಿಗುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಇದನ್ನು ಬರೆದಿಟ್ಟುಕೊಳ್ಳದಿದ್ದರೆ ಅಕ್ಟೋಬರ್ ಹೊತ್ತಿಗೆ ತಾಳ್ಮೆ ಉಳಿಯುವುದಿಲ್ಲ. ಅದೇ ಪುಟದಲ್ಲಿ ಹೊಸ ಹುಡುಗರ ಹೆಸರುಗಳಿರಲಿ. ಏಳನೆಯವರಾಗಿ ಆಯ್ಕೆಯಾದ ಪೆನೆ ಸುವೆಲ್, ನಾಲ್ಕನೆಯ ಸುತ್ತಿನಲ್ಲಿ 112ನೆಯವರಾಗಿ ಬಂದ ಅಮಾನ್-ರಾ ಸೇಂಟ್ ಬ್ರೌನ್. ಎರಡನೆಯ ಹೆಸರಿನ ಮುಂದೆ ನಾನು ಏನನ್ನೂ ಬರೆದಿರಲಿಲ್ಲ, ಜಾಗ ಬಿಟ್ಟಿದ್ದೆ.

ನಂತರ ಪ್ರತಿ ಪಂದ್ಯಕ್ಕೂ ಒಂದು ಪುಟ, ಅದರಲ್ಲಿ ನಾಲ್ಕು ಅಂಕಣ. ಎದುರಾಳಿ, ಅಂಕ, ಕೊನೆಯ ಕಾಲುಭಾಗದಲ್ಲಿ ನಡೆದದ್ದು, ಕೋಚ್ ತೆಗೆದುಕೊಂಡ ಒಂದು ದೊಡ್ಡ ನಿರ್ಧಾರ. ಊರಿನಲ್ಲಿ ಕುಳಿತು ನೋಡುವವರಿಗೆ ಒಂದು ಮಾತು: ಅಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಪಂದ್ಯ ಭಾರತದಲ್ಲಿ ರಾತ್ರಿ 10.30ಕ್ಕೆ, ನವೆಂಬರ್ ಮೊದಲ ಭಾನುವಾರದಿಂದ 11.30ಕ್ಕೆ.

ಮೂರನೆಯ ಅಂಕಣವೇ ಮುಖ್ಯ. ಮೊದಲ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಲಯನ್ಸ್ 17-41ರಿಂದ ಹಿಂದಿತ್ತು. ಮೊಮ್ಮಗ ಎದ್ದು ಹೊರಟಿದ್ದ. ಕೊನೆಯ ಎರಡು ನಿಮಿಷಗಳಲ್ಲಿ 16 ಅಂಕ ಬಂದವು, 33-41ಕ್ಕೆ ಸೋತರು. ಅಂದೇ ಕೆಂಪು ಶಾಯಿಯಲ್ಲಿ ಬರೆದೆ: "ಇವರು ಬಿಟ್ಟುಕೊಡುವುದಿಲ್ಲ." ಮೂರನೆಯ ವಾರ ಬಾಲ್ಟಿಮೋರ್‌ನ ಜಸ್ಟಿನ್ ಟಕರ್ 66 ಗಜದಿಂದ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದು ಆಚೆ ಬಿತ್ತು, ಅವರಿಗೆ ಮೂರು ಅಂಕ. ಆಗ ಅದು ಲೀಗಿನ ದಾಖಲೆ; ನಮಗೆ 17-19ರ ಸೋಲು. ಎರಡು ವಾರಗಳ ನಂತರ ಮಿನೆಸೋಟ ವಿರುದ್ಧವೂ ಕೊನೆಯ ಒದೆತದಲ್ಲಿ ಅದೇ 17-19. ಪಂದ್ಯದ ನಂತರ ಕ್ಯಾಂಬೆಲ್ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ಆ ಪುಟ ಬರೆಯುವಾಗ ನನ್ನ ಗಂಟಲೂ ಕಟ್ಟಿತ್ತು.

ಫಿಲಡೆಲ್ಫಿಯಾ ವಿರುದ್ಧದ 6-44ರ ಸೋಲನ್ನೂ ಬಿಡದೆ ಬರೆಯಬೇಕು. ಅದಕ್ಕೆ ಯಾವ ಸಮಾಧಾನವೂ ಇಲ್ಲ.

ನಾಲ್ಕನೆಯ ಅಂಕಣಕ್ಕೆ ಆಟದ ಒಂದು ನಿಯಮ ಗೊತ್ತಿರಬೇಕು. ಹತ್ತು ಗಜ ಸಾಗಲು ನಾಲ್ಕು ಅವಕಾಶಗಳು. ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಒದ್ದು ದೂರ ಕಳುಹಿಸುತ್ತಾರೆ. ಒದೆಯದೆ ಆಡಿಸಿದರೆ ಆ ಸಾಹಸ ಕೋಚ್‌ನದು. ಕ್ರಿಕೆಟ್‌ನಲ್ಲಿ ಮೈದಾನದೊಳಗಿನ ನಾಯಕನಿಗಿರುವ ಅಧಿಕಾರ ಇಲ್ಲಿ ಗೆರೆಯಾಚೆ ನಿಂತವರಿಗಿದೆ. ಸ್ಟಾಫರ್ಡ್ ಅವರ ರ‍್ಯಾಮ್ಸ್ ವಿರುದ್ಧ ಕ್ಯಾಂಬೆಲ್, ಮೊದಲ ಬಾರಿ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಆದ ಕೂಡಲೇ ಎದುರಾಳಿಗೆ ದೂರ ಒದೆಯಬೇಕಾದ ಚೆಂಡನ್ನು ಯಾರೂ ನಿರೀಕ್ಷಿಸದಂತೆ ಹತ್ತಿರಕ್ಕೇ ಒದೆಸಿ ಮರಳಿ ಪಡೆದರು; ಎರಡು ಬಾರಿ ಒದೆಯುವಂತೆ ನಟಿಸಿ ಆಡಿಸಿದರು. 19-28ಕ್ಕೆ ಸೋತರೂ ಆ ಪುಟಕ್ಕೆ ನಾನು ಒಳ್ಳೆಯ ಅಂಕ ಕೊಟ್ಟೆ. ನಿರ್ಧಾರವನ್ನು ತೆಗೆದುಕೊಂಡ ಗಳಿಗೆಯಲ್ಲೇ ತೂಗಿ, ಫಲಿತಾಂಶ ನೋಡಿ ತಿದ್ದಬೇಡಿ.

ಎಂಟು ಸೋಲುಗಳ ನಂತರ ವಿರಾಮದ ವಾರ ಬಂತು. ಇಲ್ಲಿ ನಿಂತು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಕೋಚ್ ಏನನ್ನು ಬದಲಿಸಿದರು? ಕ್ಯಾಂಬೆಲ್ ಆಕ್ರಮಣದ ಪ್ರತಿ ಆಟವನ್ನು ಸೂಚಿಸುವ ಹೊಣೆಯನ್ನು ತಾವೇ ವಹಿಸಿಕೊಂಡರು. ಆನಂತರದ ಒಂಬತ್ತು ಪಂದ್ಯಗಳಲ್ಲಿ ಮೂರು ಗೆಲುವು, ಪಿಟ್ಸ್‌ಬರ್ಗ್ ಜೊತೆ 16-16ರ ಸಮ, ಐದು ಸೋಲು. ಆ ಐದರಲ್ಲಿ ಮೂರು ಸೋಲುಗಳು ನಾಲ್ಕು ಅಂಕಗಳೊಳಗಿನವು. ವರ್ಷವನ್ನು ಹೀಗೆ ವಿರಾಮದ ಹತ್ತಿರ ಮುರಿದು ಎರಡು ಭಾಗ ಮಾಡಿ ನೋಡದಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಡಿಸೆಂಬರ್ 5ರ ಪುಟ ನನ್ನ ನೋಟ್‌ಬುಕ್‌ನಲ್ಲಿ ಅತ್ಯಂತ ಒತ್ತಾಗಿದೆ. ಮಿನೆಸೋಟ ಮತ್ತೆ ಬಂದಿತ್ತು. ಮುಂದಿದ್ದಾಗ, ನಾಲ್ಕು ನಿಮಿಷ ಉಳಿದಿದ್ದಾಗ, ತಮ್ಮದೇ ಕೊನೆಯ ಗೆರೆಯಿಂದ 28ನೆಯ ಗಜದಲ್ಲಿ ಕ್ಯಾಂಬೆಲ್ ಒದೆಸದೆ ಆಡಿಸಿದರು. ಚೆಂಡು ಕೈತಪ್ಪಿತು, ಎದುರಾಳಿ 27-23 ಮುಂದಾದರು. ಇದು ತಪ್ಪು ನಿರ್ಧಾರ ಎಂದು ಆಗಲೇ ಬರೆದೆ, ಇಂದಿಗೂ ಅಳಿಸಿಲ್ಲ. ಆಮೇಲೆ ಎರಡು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಗಾಫ್ ತಂಡವನ್ನು 75 ಗಜ ಸಾಗಿಸಿ, ಕೊನೆಯ ಎಸೆತವನ್ನು 11 ಗಜದಿಂದ ಸೇಂಟ್ ಬ್ರೌನ್ ಕೈಗೆ ಕೊಟ್ಟರು. 29-27. ಲಯನ್ಸ್ ಗೆದ್ದು 364 ದಿನಗಳಾಗಿದ್ದವು. ಐದು ದಿನಗಳ ಹಿಂದೆಯಷ್ಟೇ ಇದೇ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ ಗುಂಡಿನ ದಾಳಿ ನಡೆದು ನಾಲ್ವರು ಮಕ್ಕಳು ಸತ್ತಿದ್ದರು. ಕ್ಯಾಂಬೆಲ್ ಗೆಲುವಿನ ಚೆಂಡನ್ನು ಆ ಶಾಲೆಯವರಿಗೆ ಅರ್ಪಿಸಿ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನಾನು ಹಾಜರಿ ಪುಸ್ತಕ ಹಿಡಿದು ಹೆಸರು ಕರೆದವಳು. ಪೆನ್ನು ಕೆಳಗಿಟ್ಟು ಕೇಳಿದೆ.

ಮೊದಲ ಪುಟದಲ್ಲಿ ಬಿಟ್ಟಿದ್ದ ಜಾಗವನ್ನು ಅಂದು ತುಂಬಿಸಿದೆ.

ವರ್ಷ ಮುಗಿದಾಗ ನೋಟ್‌ಬುಕ್ ಎತ್ತಿಡಬೇಡಿ. ಎರಡನೆಯ ವರ್ಷಕ್ಕೂ ಹಾಳೆಗಳು ಬೇಕು. 2022ರಲ್ಲಿ ಲಯನ್ಸ್ ಮೊದಲ ಏಳರಲ್ಲಿ ಆರು ಸೋತಾಗ ನಾನು ಹಿಂದಿನ ಪುಟಗಳನ್ನು ತಿರುವಿ ಕೊನೆಯ ಕಾಲುಭಾಗದ ಅಂಕಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಆ ವರ್ಷ 9-8ಕ್ಕೆ ಮುಗಿಯಿತು, ಗ್ರೀನ್ ಬೇಯಲ್ಲಿ 20-16ರ ಗೆಲುವಿನೊಂದಿಗೆ. ಇನ್ನೂರು ಪುಟ ಎಂದು ನಾನು ಹೇಳಿದ್ದು ಅದಕ್ಕೇ.