ಪಟರ್ ಬದಲಿಸುವ ಮುಂಚೆ ಕೈ ಬದಲಿಸಿ ನೋಡಿ

ನಮ್ಮ ಗಾಲ್ಫ್ ಗುಂಪಿನಲ್ಲಿ ಅಡಿಕೆ ಮಂಡಿ ನಡೆಸುವ ಗೆಳೆಯರೊಬ್ಬರಿದ್ದಾರೆ. ಎರಡು ವರ್ಷದಲ್ಲಿ ಐದು ಪಟರ್ (ಚೆಂಡನ್ನು ಹೋಲಿಗೆ, ಅಂದರೆ ಗುಳಿಗೆ, ಉರುಳಿಸುವ ಕೋಲು) ಕೊಂಡರು. ಮೂರಡಿ ದೂರದ ಚೆಂಡು ಇವತ್ತಿಗೂ ಹೋಲಿನ ಎಡಕ್ಕೋ ಬಲಕ್ಕೋ ಹೋಗುತ್ತದೆ. ಪ್ರತಿ ಸಲವೂ ಹೊಸ ಪಟರ್, ಹೊಸ ಹಿಡಿತ, ಹೊಸ ನಿಲುವು. ಮೂರೂ ಒಂದೇ ದಿನ. ಹೀಗೆ ಮಾಡಿದರೆ ಯಾವುದರಿಂದ ಸರಿಯಾಯ್ತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಾದರೂ ಹೇಗೆ? ಶಿವಮೊಗ್ಗದಲ್ಲೂ ಗಾಲ್ಫ್ ಕೋರ್ಸ್ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಎರಡು ಕಡೆಯೂ ಇದೇ ಕಥೆ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ನಿಮಗೆ ಬದಲಾವಣೆ ಬೇಕಾ ನೋಡಿ. ಸಮತಟ್ಟು ಜಾಗದಲ್ಲಿ ಮೂರಡಿಯಿಂದ ಹತ್ತು ಚೆಂಡು ಹೊಡೆಯಿರಿ. ಎಂಟು ಒಳಗೆ ಬಿದ್ದರೆ ಈ ಲೇಖನ ಇಲ್ಲಿಗೇ ಬಿಡಿ. ಐದಾರು ಬಿದ್ದರೆ ಇನ್ನೊಂದು ಪರೀಕ್ಷೆ: ಬಲಗೈ ಜೇಬಿಗೆ ಹಾಕಿ, ಎಡಗೈಯೊಂದರಲ್ಲೇ ಹತ್ತು ಹೊಡೆಯಿರಿ. (ಎಡಗೈಯಲ್ಲಿ ಆಡುವವರು ಇಲ್ಲಿಂದ ಮುಂದೆ ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ.) ಒಂಟಿ ಕೈಯಲ್ಲೇ ಚೆಂಡು ನೇರ ಹೋಗುತ್ತದೆ ಎಂದರೆ ಕಳ್ಳ ಸಿಕ್ಕಿದ ಹಾಗೆ. ಬಲಗೈ ಕೊನೆಯ ಗಳಿಗೆಯಲ್ಲಿ ಜಿಗಿಯುತ್ತಿದೆ. ಇದು ಮಿತಿ ಮೀರಿದಾಗ ಗಾಲ್ಫಿನವರು ‘ಯಿಪ್ಸ್’ ಅನ್ನುತ್ತಾರೆ. ಐದು ಪಟರ್ ಕೊಂಡರೂ ಇದಕ್ಕೆ ಮದ್ದಿಲ್ಲ, ಯಾಕೆಂದರೆ ಬಲಗೈ ಅದೇ ಅಲ್ವಾ?

ವಿಚಿತ್ರವಾಗಿ ಹಿಡಿದರೆ ಜನ ನಗುತ್ತಾರೆ ಅನ್ನುವ ಹೆದರಿಕೆ ಬಿಡಿ. ಜರ್ಮನಿಯ ಬರ್ನಾರ್ಡ್ ಲ್ಯಾಂಗರ್ ಯಿಪ್ಸ್ ಕಾಟ ತಾಳಲಾರದೆ ಒಂದು ಕಾಲಕ್ಕೆ ಎಡಗೈಯನ್ನು ಕೆಳಗಿಳಿಸಿ, ಗ್ರಿಪ್ಪನ್ನು (ಪಟರಿನ ಹಿಡಿಕೆಯನ್ನು) ಎಡ ಮುಂಗೈಗೆ ಆನಿಸಿ, ಬಲಗೈಯಲ್ಲಿ ಎರಡನ್ನೂ ಸೇರಿಸಿ ಅಮುಕಿ ಹಿಡಿಯುತ್ತಿದ್ದರು. ಗಾಲ್ಫಿನ ದೊಡ್ಡ ಪಂದ್ಯಾವಳಿ ಮಾಸ್ಟರ್ಸ್ ಅನ್ನು 1985ರಲ್ಲೂ 1993ರಲ್ಲೂ ಗೆದ್ದವರು ಅವರು. ಜೋರ್ಡನ್ ಸ್ಪೀತ್ 2015ರಲ್ಲಿ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದಿದ್ದು ಎಡಗೈ ಕೆಳಗೆ ಇಟ್ಟುಕೊಂಡೇ. 2017ರ ಮಾಸ್ಟರ್ಸ್‌ನಲ್ಲಿ ಸೆರ್ಗಿಯೊ ಗಾರ್ಸಿಯಾ ಹಿಡಿದಿದ್ದು ಕ್ಲಾ ಗ್ರಿಪ್, ಅಂದರೆ ಹಕ್ಕಿಯ ಪಂಜದ ಹಾಗೆ.

ಎಡಗೈ ಕೆಳಗೆ ಇಡುವುದು ಸುಲಭ. ಕೈ ಅದಲು ಬದಲು ಮಾಡಿ, ಅಷ್ಟೇ. ಭುಜಗಳು ಸಮವಾಗುತ್ತವೆ, ಎಡ ಮಣಿಕಟ್ಟು ಬಾಗುವುದು ಕಡಿಮೆಯಾಗುತ್ತದೆ. ನನಗೆ ಅದು ಒಗ್ಗಲಿಲ್ಲ. ಬಲಗೈ ಜಿಗಿಯುವವರಿಗೆ ಪಂಜದ ಹಿಡಿತವೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್ಲರೂ ಕೆಡಿಸುವುದೂ ಅದನ್ನೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಹಳೇ ಪಟರನ್ನೇ ತಗೊಳ್ಳಿ. ಎಡಗೈ ಮೊದಲು ಎಲ್ಲಿತ್ತೋ ಅಲ್ಲೇ ಇರಲಿ, ಆದರೆ ಗ್ರಿಪ್ಪು ಬೆರಳುಗಳಲ್ಲಿ ಅಲ್ಲ, ಅಂಗೈಯ ಆಯುಷ್ಯ ರೇಖೆಯ ಉದ್ದಕ್ಕೆ ಕೂರಲಿ. ಈಗ ಬಲಗೈ ಪೂರ್ತಿ ಬಿಡಿ. ಪಟರ್ ಎಡಗೈಯಲ್ಲೇ ತೂಗಾಡಲಿ. ಬಲ ಅಂಗೈಯನ್ನು ನಿಮ್ಮ ತೊಡೆಯ ಕಡೆ ತಿರುಗಿಸಿ ಪಟರ್ ಹತ್ತಿರ ತನ್ನಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಗೆ ಗ್ರಿಪ್ಪು ಬಂದು ಕೂರಬೇಕು. ಹೆಬ್ಬೆರಳು ಒಳಬದಿಗೆ, ತೋರುಬೆರಳು ಮಧ್ಯದ ಬೆರಳು ಹೊರಬದಿಗೆ, ಉಳಿದೆರಡು ಸುಮ್ನೆ ಇರಲಿ. ಈಗ ನಿಮ್ಮ ಬಲ ಮಣಿಕಟ್ಟು ಹೋಲಿನ ಕಡೆ ಮಡಚಲು ನೋಡಲಿ. ಆಗುವುದಿಲ್ಲ. ಈ ಹಿಡಿತದ ಗುಟ್ಟೆಲ್ಲ ಅಷ್ಟೇ.

ಎಷ್ಟು ಬಿಗಿ ಹಿಡಿಯಬೇಕು? ಊಟ ಆದ ಮೇಲೆ ವೀಳ್ಯದೆಲೆಗೆ ಸುಣ್ಣ ಹಚ್ಚುವಾಗ ಎಲೆಯನ್ನು ಹೇಗೆ ಹಿಡಿಯುತ್ತೀರಿ, ಅಷ್ಟು. ಜಾಸ್ತಿ ಒತ್ತಿದರೆ ಎಲೆ ಹರಿಯುತ್ತದೆ, ಬಿಟ್ಟರೆ ಬೀಳುತ್ತದೆ. ಮೊದಲ ವಾರ ನಾನು ಬಲಗೈಯಲ್ಲಿ ಎಷ್ಟು ಅಮುಕುತ್ತಿದ್ದೆ ಅಂದರೆ ಚೀಲ ಹೊರುವ ಕ್ಯಾಡಿ ಹುಡುಗ ತಡೆಯಲಾರದೆ, “ಎಂತ ಸಾರ್, ಬಲಗೈ ಹೊಡೀತಿದೆ, ಎಡಗೈ ನೋಡ್ತಾ ನಿಂತಿದೆ” ಅಂದ. ನೂರಕ್ಕೆ ನೂರು ನಿಜ. ಬಲಗೈ ಇಲ್ಲಿ ದಾರಿ ತೋರಿಸಲು ಇದೆ, ತಳ್ಳಲು ಅಲ್ಲ. ಹೆಬ್ಬೆರಳು ಗ್ರಿಪ್ಪಿನ ಹಿಂಬದಿಗೆ ಜಾರಿ ಬಂದಿದ್ದರೆ ನೀವು ತಳ್ಳುತ್ತಿದ್ದೀರಿ ಅಂತಲೇ ಲೆಕ್ಕ.

ಇದಕ್ಕಿಂತ ದೊಡ್ಡ ತಪ್ಪು ಮೊಣಕೈಯದು. ಅಂಗೈ ಒಳಗೆ ತಿರುಗಿದ ಕೂಡಲೇ ಬಲ ಮೊಣಕೈ ಕೋಳಿ ರೆಕ್ಕೆ ಎತ್ತಿದ ಹಾಗೆ ಹೊರಗೆ ಬರುತ್ತದೆ. ಅದರ ಜೊತೆ ಬಲ ಭುಜವೂ ಮುಂದೆ ಬರುತ್ತದೆ, ಭುಜಗಳು ಹೋಲಿನ ಎಡಕ್ಕೆ ಮುಖ ಮಾಡುತ್ತವೆ, ಚೆಂಡು ಎಡಕ್ಕೆ ಹೋಗುತ್ತದೆ. ಆಗ ಎಲ್ಲರೂ ಮಾಡುವುದು ಏನು? ಪಟರಿನ ಮುಖವನ್ನು ಬಲಕ್ಕೆ ತಿರುಗಿಸುತ್ತಾರೆ. ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿತು. ಹಾಗೆ ಮಾಡಬೇಡಿ. ಮಲೆನಾಡಿನವರ ಹತ್ತಿರ ಕೊಡೆ ಇದ್ದೇ ಇರುತ್ತದೆ. ಮಡಚಿದ ಉದ್ದ ಕೊಡೆಯನ್ನು ಎರಡು ಭುಜಕ್ಕೂ ತಾಗುವ ಹಾಗೆ ಎದೆಗೆ ಅಡ್ಡ ಹಿಡಿಯಲು ಜೊತೆಯವರಿಗೆ ಹೇಳಿ. ಚೆಂಡು ಹೋಗಬೇಕಾದ ದಾರಿಗೆ ಕೊಡೆ ಸಮಾನಾಂತರ ಇರಬೇಕು. ಎಡಕ್ಕೆ ತೋರಿಸುತ್ತಿದ್ದರೆ ಮೊಣಕೈಯನ್ನು ಪಕ್ಕೆಯ ಹತ್ತಿರ ತನ್ನಿ, ಅಷ್ಟಕ್ಕೇ ಸರಿಹೋಗುತ್ತದೆ. ಇನ್ನೂ ಸರಿಯಾಗದಿದ್ದರೆ ಬಲಗೈಯನ್ನು ಒಂದು ಇಂಚು ಮೇಲಕ್ಕೆ ಜರುಗಿಸಿ. ತೀರಾ ಕೆಳಗೆ ಹಿಡಿದರೆ ಬಲ ಭುಜ ಕುಸಿಯುತ್ತದೆ.

ಅಭ್ಯಾಸ ಮನೆಯಲ್ಲೇ ಮಾಡಿ. ಜೂನ್‌ನಿಂದ ಮೂರು ತಿಂಗಳು ಹೇಗೂ ಹೊರಗೆ ಕಾಲಿಡುವ ಹಾಗಿಲ್ಲ. ರೆಡ್ ಆಕ್ಸೈಡ್ ನೆಲ ಬೇಡ, ಚೆಂಡು ನಿಲ್ಲುವುದೇ ಇಲ್ಲ. ನೆಲದ ಮೇಲೆ ಕಂಬಳಿ ಹಾಸಿ, ಸುಕ್ಕು ತೆಗೆದರೆ ನಮ್ಮ ಕಡೆಯ ಗ್ರೀನಿನ (ಹೋಲಿನ ಸುತ್ತ ಗಿಡ್ಡ ಕತ್ತರಿಸಿದ ಹುಲ್ಲಿನ ಜಾಗದ) ವೇಗಕ್ಕೆ ಹತ್ತಿರ ಬರುತ್ತದೆ. ಪಟರ್ ತಲೆಯ ಆಚೆ ಈಚೆ ಒಂದೊಂದು ಬೆರಳು ಜಾಗ ಬಿಟ್ಟು ಸಿಪ್ಪೆ ಸಹಿತ ಒಣಗಿದ ಎರಡು ಅಡಿಕೆ ಇಡಿ. ಅವಕ್ಕೆ ತಾಗದ ಹಾಗೆ ಪಟರ್ ದಾಟಬೇಕು. ಎದುರಿಗೆ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿ. ನಿಜವಾದ ಹೋಲಿನ ವ್ಯಾಸ 108 ಮಿ.ಮೀ. ಲೋಟದ ಬಾಯಿ ಅದಕ್ಕಿಂತ ಚಿಕ್ಕದು, ಒಳ್ಳೆಯದೇ ಆಯಿತು. ದಿನಕ್ಕೆ ಐವತ್ತು ಹೊಡೆತ, ಮೂರು ವಾರ. ಅಲ್ಲಿಯವರೆಗೆ ಪಂದ್ಯದಲ್ಲಿ ಈ ಹಿಡಿತ ಬಳಸಬೇಡಿ.

ಚೆಂಡನ್ನು ತಾನೇ ವಾಪಸ್ ಕಳಿಸುವ ಪ್ಲಾಸ್ಟಿಕ್ ಮ್ಯಾಟುಗಳನ್ನು ಮಾತ್ರ ಕೊಳ್ಳಬೇಡಿ. ಕೊನೆಯಲ್ಲಿ ಒಂದು ಏರು ಇರುತ್ತದೆ. ಅದನ್ನು ಹತ್ತಿಸಲು ಜೋರಾಗಿ ಹೊಡೆಯುವ ಚಟ ಹತ್ತುತ್ತದೆ. ನನ್ನದರ ಮೇಲೆ ಈಗ ಬೆಕ್ಕು ಮಲಗುತ್ತದೆ.

ಗ್ರೀನಿಗೆ ಹೋದ ಮೇಲೆ ಒಂದು ತೊಂದರೆ ಎದುರಾಗುತ್ತದೆ. ಪಂಜದ ಹಿಡಿತದಲ್ಲಿ ದೂರದ ಪಟ್ (ಪಟರಿನ ಹೊಡೆತ) ಕಷ್ಟ. ಬಲಗೈಗೆ ದೂರದ ಅಂದಾಜು ಸಿಗುವುದಿಲ್ಲ. ಮಳೆಗೆ ನೆನೆದ ಗ್ರೀನ್ ಆದರಂತೂ ಮೂವತ್ತಡಿಯ ಚೆಂಡು ಹತ್ತಡಿ ಹಿಂದೆಯೇ ನಿಲ್ಲುತ್ತದೆ. ಅದಕ್ಕೆ ನಾನು ಹದಿನೈದು ಅಡಿಯ ಆಚೆಗೆ ಹಳೇ ಹಿಡಿತ, ಈಚೆಗೆ ಪಂಜ. ಒಂದೇ ಸುತ್ತಿನಲ್ಲಿ ಹಿಡಿತ ಬದಲಿಸಲು ನಿಯಮದ ಅಡ್ಡಿ ಏನೂ ಇಲ್ಲ.

ಇಷ್ಟಾದ ಮೇಲೂ ಪಟರ್ ಬದಲಿಸುವ ಆಸೆ ಇದ್ದರೆ, ಕೆಲವು ವಿಷಯ ತಿಳಿದಿರಲಿ. ಆಡಂ ಸ್ಕಾಟ್ 2013ರ ಮಾಸ್ಟರ್ಸ್ ಗೆದ್ದಾಗ ಉದ್ದ ಪಟರಿನ ತುದಿಯನ್ನು ಎದೆಗೆ ಆನಿಸಿದ್ದರು. 2016ರ ಜನವರಿ 1ರಿಂದ ಹಾಗೆ ಆನಿಸುವುದಕ್ಕೆ ನಿಷೇಧ ಇದೆ, ದಂಡವಾಗಿ ಲೆಕ್ಕಕ್ಕೆ ಎರಡು ಹೊಡೆತ ಸೇರಿಸುತ್ತಾರೆ. ಉದ್ದ ಪಟರ್‌ಗೆ ನಿಷೇಧ ಇಲ್ಲ, ಮೇಲಿನ ಕೈ ಎದೆಯಿಂದ ದೂರ ಇರಬೇಕು ಅಷ್ಟೇ. ಭಾರತ ಮೂಲದ ಅಮೆರಿಕದ ಹುಡುಗ ಅಕ್ಷಯ್ ಭಾಟಿಯಾ ಹಾಗೇ ಆಡಿ 2024ರ ಟೆಕ್ಸಾಸ್ ಓಪನ್ ಗೆದ್ದ. ಚೆಂಡಿನ ದಾರಿಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಹೊಡೆಯುವ ಹಾಗಿಲ್ಲ. ಸ್ಯಾಮ್ ಸ್ನೀಡ್ ಹಾಗೆ ಆಡುತ್ತಿದ್ದರು, 1968ರಲ್ಲಿ ಅದೂ ನಿಂತಿತು.

ಮುಂಗೈಗೆ ಪಟರ್ ಒರಗಿಸಿ ಆಡುವ ಆರ್ಮ್‌ಲಾಕ್‌ಗೆ ನಿಯಮದ ಒಪ್ಪಿಗೆ ಇದೆ. ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್ ಗೆದ್ದಿದ್ದು ಹಾಗೆ. ಆದರೆ ನಮ್ಮ ಮಂಡಿ ಗೆಳೆಯರು ಮಾಡಿದ ಹಾಗೆ 35 ಇಂಚಿನ ಮಾಮೂಲಿ ಪಟರನ್ನೇ ಮುಂಗೈಗೆ ಒರಗಿಸಬೇಡಿ. ಮಾಮೂಲಿ ಪಟರಿನ ಮುಖ ಮೂರು ನಾಲ್ಕು ಡಿಗ್ರಿ ಮೇಲೆ ನೋಡುತ್ತಿರುತ್ತದೆ. ಕೈ ಎರಡು ಇಂಚು ಮುಂದೆ ಹೋದರೆ ಅದರಲ್ಲಿ ಮೂರು ಡಿಗ್ರಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಮುಖ ನೆಲ ನೋಡುತ್ತದೆ, ಚೆಂಡು ಹುಲ್ಲಿಗೆ ಒತ್ತಿ ಪುಟಿಯುತ್ತದೆ. ಆರ್ಮ್‌ಲಾಕ್‌ಗೆ ಅಂತಲೇ ಮಾಡಿದ, ಉದ್ದವೂ ಮುಖದ ಓರೆಯೂ ಜಾಸ್ತಿ ಇರುವ ಪಟರ್ ಬೇಕು.

ಈಚೆಗೆ ಎಲ್ಲರೂ ಕೇಳುವುದು ತಾನಾಗಿ ತಿರುಚಿಕೊಳ್ಳದ ‘ಝೀರೊ ಟಾರ್ಕ್’ ಪಟರ್ ಬಗ್ಗೆ. ಜೆ.ಜೆ. ಸ್ಪಾನ್ 2025ರ ಯುಎಸ್ ಓಪನ್ನಿನ ಕೊನೆಯ ಹೋಲಿನಲ್ಲಿ 64 ಅಡಿಯ ಪಟ್ ಹಾಕಿದ್ದು ಎಲ್.ಎ.ಬಿ. ಕಂಪನಿಯ ಅಂಥದ್ದೇ ಪಟರಿನಲ್ಲಿ. ಗೆಳೆಯರದ್ದು ಎರವಲು ಪಡೆದು ಒಂದು ಸುತ್ತು ಆಡಿ, ಆಮೇಲೆ ದುಡ್ಡು ಬಿಚ್ಚಿ.

ನಿಜವಾಗಿ ಉಪಯೋಗಕ್ಕೆ ಬರುವುದು ದಪ್ಪ ಗ್ರಿಪ್. ಬೆರಳುಗಳ ಚೇಷ್ಟೆ ಕಡಿಮೆಯಾಗುತ್ತದೆ. ಆದರೆ ಭಾರದ್ದು ಹಾಕಿದರೆ ಪಟರಿನ ತಲೆ ಹಗುರ ಅನ್ನಿಸುತ್ತದೆ. ತಲೆಯ ಕೆಳಗೆ ಸ್ವಲ್ಪ ಸೀಸದ ಟೇಪ್ ಅಂಟಿಸಿ. ಸುತ್ತಿನ ನಡುವೆ ಮಾತ್ರ ಅಂಟಿಸಬೇಡಿ, ಆಟದಿಂದಲೇ ಹೊರಗೆ ಹಾಕುತ್ತಾರೆ. ಗ್ರಿಪ್ ಹಾಕುವಾಗ ಅದರ ಚಪ್ಪಟೆ ಭಾಗ ಪಟರಿನ ಮುಖಕ್ಕೆ ಸರಿ ಲಂಬವಾಗಿ ಕೂರಬೇಕು. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಗ್ರಿಪ್ಪೊಂದನ್ನು ಓರೆ ಕೂರಿಸಿಕೊಂಡು ಒಂದು ತಿಂಗಳು ಎಲ್ಲವನ್ನೂ ಬಲಕ್ಕೆ ಹೊಡೆದಿದ್ದೇನೆ. ಒಣಗಲು ಒಂದು ರಾತ್ರಿ ಸಾಕು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಆಷಾಢದ ಮಳೆಯಲ್ಲಿ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ. ನಾನು ಪಟರನ್ನು ಹಂಡೆ ಒಲೆಯಿಂದ ಸ್ವಲ್ಪ ದೂರ, ಬಚ್ಚಲುಮನೆಯ ಗೋಡೆಗೆ ಎರಡು ದಿನ ಒರಗಿಸಿಡುತ್ತೇನೆ. ತೀರಾ ಹತ್ತಿರ ಇಡಬೇಡಿ, ರಬ್ಬರ್ ಮೆತ್ತಗಾಗಿ ಗ್ರಿಪ್ ತಿರುಗಿಬಿಡುತ್ತದೆ.