ಟ್ಯೂಬ್ ಬಿಟ್ಟು ಎಲ್‌ಎಂಎ ಹಾಕಿದೆ, ಮಗುವಿನ ಕಣ್ಣಿನ ಒತ್ತಡ ಏರಲಿಲ್ಲ

ನಾನು ಅರಿವಳಿಕೆ ಡಾಕ್ಟರು. ಬಳ್ಳಾರಿಯಲ್ಲಿ ಮಾಲಗಣ್ಣಿನ ಆಪರೇಷನ್ನಿನ ಮಕ್ಕಳಿಗೆ ಶ್ವಾಸನಾಳದೊಳಗೆ ಟ್ಯೂಬ್ ಇಳಿಸೋದು ಬೇಡ, ಗಂಟಲಲ್ಲೇ ಕೂರುವ ಉಸಿರಿನ ಸಾಧನ ಎಲ್‌ಎಂಎ ಸಾಕು ಅಂದಾಗ ನಮ್ಮ ಸರ್ಜನ್ ಒಪ್ಪಲೇ ಇಲ್ಲ. "ಮುಖದ ಮೇಲೆ ಬಟ್ಟೆ ಮುಚ್ಚಿರ್ತೀವಿ ಡಾಕ್ಟ್ರೇ, ನಡುವೆ ಜಾರಿದ್ರೆ?" ಅಂದರು.

ಮೂರನೇ ಕೇಸಿನಲ್ಲೇ ಜಾರಿತು. 12 ಕೆಜಿ ಮಗು, 2ನೇ ಸೈಜು, ತಲೆ ಸ್ವಲ್ಪ ತಿರುಗಿಸಿದ ಕೂಡಲೇ ಗಾಳಿ ಸೋರತೊಡಗಿತು. ನಾನು ಕಫ್‌ಗೆ, ಅಂದರೆ ಎಲ್‌ಎಂಎ ಅಂಚಿನ ಗಾಳಿ ತುಂಬುವ ಉಂಗುರಕ್ಕೆ, ಇನ್ನಷ್ಟು ಗಾಳಿ ತುಂಬಿದೆ. ಅದೇ ತಪ್ಪು. ಗಟ್ಟಿಯಾದ ಕಫ್ ಮೇಲೆದ್ದು ಬಂತು, ಬಟ್ಟೆ ಸರಿಸಿ ಟ್ಯೂಬ್ ಹಾಕಿ ಮುಗಿಸಿದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಕೈಯಿಂದ ಸುಮಾರು 8 ಸಾವಿರ ಹಾಕಿ ಕಫ್ ಒಳಗಿನ ಒತ್ತಡ ಅಳೆಯುವ ಮ್ಯಾನೋಮೀಟರ್ ತಂದೆ, ಈಗ 60 ಸೆಂ.ಮೀ. ನೀರಿನ ಒತ್ತಡ ದಾಟಲು ಬಿಡುವುದಿಲ್ಲ.

ಸರ್ಜನ್ ಮನಸ್ಸು ಬದಲಾಗಿದ್ದು ಅವರದೇ ಪರ್ಕಿನ್ಸ್‌ನಿಂದ, ಅಂದರೆ ಕಣ್ಣಿನ ಒತ್ತಡ ಅಳೆಯುವ ಉಪಕರಣದಿಂದ. ಆಪರೇಷನ್ ಇಲ್ಲದ ಕಣ್ಣಿನಲ್ಲಿ ಅವರ ಕೈಯಲ್ಲೇ ಅಳೆಸಿದೆ. ಉಸಿರಿನಲ್ಲಿ ಕೊಡುವ ಅರಿವಳಿಕೆ ಸೆವೋ ಕೊಟ್ಟ ಮೇಲೆ 11-12 ಮಿ.ಮೀ. ಪಾದರಸ ಇರುತ್ತಿತ್ತು, ಟ್ಯೂಬ್ ಹಾಕಿದ ನಿಮಿಷದೊಳಗೆ 20ರ ಹತ್ತಿರ ಹೋಗಿ ನಾಲ್ಕೈದು ನಿಮಿಷ ಬಿಟ್ಟು ಇಳಿಯುತ್ತಿತ್ತು. ಎಲ್‌ಎಂಎ ಹಾಕಿದರೆ 13 ದಾಟಿದ್ದೇ ಕಡಿಮೆ. ಈ ಊರಲ್ಲಿ ಹೀಗೆ ಕೂತು ಅಳೆದವರು ಜಾಸ್ತಿ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಒಂದು ದಿನ ಎಲ್‌ಎಂಎ ಹಾಕುವ ಮೊದಲೇ 17 ಬಂತು. ನೋಡಿದರೆ ಮುಖಕ್ಕೆ ಹಿಡಿದ ಮಾಸ್ಕಿನ ಅಂಚು ಕಣ್ಣನ್ನು ಒತ್ತುತ್ತಿತ್ತು! ಸಣ್ಣ ಮಾಸ್ಕ್ ಹಿಡಿದ ಮೇಲೆ ಇಳಿಯಿತು. ಉಸಿರಿನ ಕಾರ್ಬನ್ ಡೈಆಕ್ಸೈಡ್ 50 ದಾಟಿದರೂ ಕಣ್ಣಿನ ಒತ್ತಡ ಏರುತ್ತದೆ, ಅದಕ್ಕೇ ಮಗು ತಾನೇ ಉಸಿರಾಡುತ್ತಿದ್ದರೂ ನನ್ನ ಕೈ ಉಸಿರು ಒತ್ತಿ ಕೊಡುವ ಬ್ಯಾಗ್ ಮೇಲೇ ಇರುತ್ತದೆ.

ಎಲ್‌ಎಂಎ ತೆಗೆಯುವಾಗಲೂ ಪೆಟ್ಟು ತಿಂದೆ. ಎಚ್ಚರವಾಗಲಿ ಅಂತ ಕಾದೆ, ಮಗು ಕಚ್ಚಿ ಕೆಮ್ಮಿತು, ಕಣ್ಣಿನ ಒತ್ತಡ 25 ಆಯಿತು. ಈಗ ಆಳ ನಿದ್ದೆಯಲ್ಲೇ ಗಂಟಲು ಸಕ್ಷನ್ ಮಾಡಿ, ಮಗ್ಗುಲಿಗೆ ಮಲಗಿಸಿ ತೆಗೆಯುತ್ತೇನೆ. ಜಾರದಂತೆ ಟೇಪ್ ಹಾಕುವ ರೀತಿ ಒಂದಿದೆ, ಅದನ್ನು ಬರೆದು ತಿಳಿಸಲು ಆಗಲ್ಲ, ಥಿಯೇಟರಿಗೆ ಬಂದು ನೋಡಿ.

ಆಸ್ಪತ್ರೆಯವರ ಜೊತೆ ದುಡ್ಡಿನ ಜಗಳವೂ ಆಯಿತು. ಟ್ಯೂಬ್ ನೂರು-ನೂರೈವತ್ತಕ್ಕೆ ಸಿಗುತ್ತೆ, ಇದು ಯಾಕೆ ಅಂದರು. ಸಿಲಿಕೋನ್ ಎಲ್‌ಎಂಎ ಐದಾರು ಸಾವಿರ, ಆದರೆ 40 ಸಲ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧ ಮಾಡಿ ಮತ್ತೆ ಬಳಸಬಹುದು, ಅಲ್ವಾ? ಪ್ರತಿ ಬಳಕೆಗೂ ರಿಜಿಸ್ಟರಿನಲ್ಲಿ ಒಂದು ಗೀಟು ಎಳೆದು ತೋರಿಸಿದೆ, ಸುಮ್ಮನಾದರು.

ಆದರೆ ಜೋಳದ ದಂಟು ಚುಚ್ಚಿ ಕಣ್ಣು ಒಡೆದ ಮಗು, ಈಗಷ್ಟೇ ರೊಟ್ಟಿ ತಿಂದು ಬಂದಿದ್ದರೆ, ಅಲ್ಲಿ ಟ್ಯೂಬೇ, ತಿಂದದ್ದು ಶ್ವಾಸಕೋಶಕ್ಕೆ ಇಳಿಯಬಾರದು. ನೋವಿನ ಮದ್ದು ಫೆಂಟನಿಲ್ ಕೊಟ್ಟು, ಸ್ನಾಯುಗಳು ಪೂರ್ತಿ ಸಡಿಲವಾದ ಮೇಲೆ, ಕೆಮ್ಮಲು ಬಿಡದೆ ಹಾಕುತ್ತೇನೆ. ಆ ಕಣ್ಣನ್ನು ಅಳೆಯಲು ಯಾರನ್ನೂ ಮುಟ್ಟಗೊಡುವುದಿಲ್ಲ.